ಯುದ್ಧಕಾಲದ ವಿದ್ಯಾರ್ಥಿ ಮಾರ್ಟಿನ್ ಲೂಥರ್ ಕಿಂಗ್

ಅಮೆರಿಕದ ಜಾರ್ಜಿಯಾ ರಾಜ್ಯದ ರಾಜಧಾನಿಯಾದ ಅಟ್ಲಾಂಟಾ ನಗರದಲ್ಲಿ 1924ನೆಯ ಇಸವಿಯ ಸೆಪ್ಟೆಂಬರ್ ತಿಂಗಳಲ್ಲಿ ಪ್ರೌಢಶಾಲೆಯೊಂದು ಬಾಗಿಲು ತೆರೆಯಿತು. ಬುಕರ್ ಟಿ. ವಾಷಿಂಗ್ಟನ್ ಪ್ರೌಢಶಾಲೆ ಎಂಬುದು ಅದರ ಹೆಸರು. ಪ್ರಾಯದಲ್ಲಿ ಅದು ನಮ್ಮ ಶಾಲೆಯ ಓರಗೆಯದು. ಆ ಶಾಲೆಯಲ್ಲಿ ಎರಡೇ ವರ್ಷ ಓದಿ, ಕೊನೆಯ ತರಗತಿಯಲ್ಲಿ ಕುಳಿತುಕೊಳ್ಳದೆಯೇ ಹೊರಟುಹೋದ ಹುಡುಗನೊಬ್ಬನ ಬಾಳನ್ನು ಈ ಸಂಪುಟದಲ್ಲಿ ಹೇಳಲು ನಾವು ಬಯಸುತ್ತೇವೆ. ಮಾರ್ಟಿನ್ ಲೂಥರ್ ಕಿಂಗ್ ಎಂಬ ಹೆಸರು ನಮ್ಮ ಮಕ್ಕಳಿಗೆ ಹೊಸದಲ್ಲ. ಅವರ ವಾಷಿಂಗ್ಟನ್ ಭಾಷಣ, ನೊಬೆಲ್ ಪಾರಿತೋಷಕ, ಗುಂಡೇಟಿನ ಸಾವು ಇವೆಲ್ಲ ಪಾಠಪುಸ್ತಕಗಳಲ್ಲಿ ಬಂದುಹೋಗಿವೆ. ಅವರ ಶಾಲಾದಿನಗಳು ಮಾತ್ರ ಅಷ್ಟಾಗಿ ಬಂದಿಲ್ಲ. ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ಆ ದಿನಗಳಲ್ಲಿ ಪ್ರಪಂಚದ ಸ್ವಾತಂತ್ರ್ಯಕ್ಕಾಗಿ ಹೋರಾಡುತ್ತಿದ್ದೇವೆಂದು ಸಾರುತ್ತಿದ್ದ ದೇಶವೊಂದು ತನ್ನ ಶಾಲೆಗೆ ಬರುವ ಮಕ್ಕಳನ್ನು ಬಸ್ಸಿನಲ್ಲಿ ಎಲ್ಲಿ ಕೂರಿಸುತ್ತಿತ್ತೆಂಬುದು ಆ ಕಥೆಯ ಒಳಗಿನ ಮಾತು.

ಮೊದಲು ಶಾಲೆಯ ಸಂಗತಿ. ಅಟ್ಲಾಂಟಾದಲ್ಲಿ 1872ರಿಂದಲೇ ಸಾರ್ವಜನಿಕ ಶಾಲೆಗಳಿದ್ದವು. ಬಿಳಿಯ ಮಕ್ಕಳಿಗೆ ಪ್ರೌಢಶಾಲೆಗಳೂ ಇದ್ದವು. ಕಪ್ಪು ಜನರ ಮಕ್ಕಳಿಗೆ ಕೆಳಗಿನ ತರಗತಿಗಳ ಆಚೆಗೆ ಸರಕಾರದ ದಾರಿ ಇರಲಿಲ್ಲ. ಓದಬೇಕೆಂದರೆ ಕ್ರೈಸ್ತ ಸಂಸ್ಥೆಗಳ ಖಾಸಗಿ ಶಾಲೆಗಳಿಗೆ ಶುಲ್ಕ ತೆತ್ತು ಹೋಗಬೇಕಿತ್ತು. 1917ರಲ್ಲಿ ನಗರದ ಶಿಕ್ಷಣ ಮಂಡಳಿಯು ಬಿಳಿಯ ಮಕ್ಕಳಿಗೆ ಹೊಸ ಶಾಲೆಯನ್ನು ಒದಗಿಸುವ ಸಲುವಾಗಿ ಕಪ್ಪು ಮಕ್ಕಳ ಏಳನೆಯ ತರಗತಿಯನ್ನೇ ಮುಚ್ಚಿಬಿಡಲು ಹೊರಟಿತು. ಇದನ್ನು ತಡೆದವರಲ್ಲಿ ಎಬನೇಜರ್ ಬ್ಯಾಪ್ಟಿಸ್ಟ್ ಚರ್ಚಿನ ಧರ್ಮಗುರು ಎ. ಡಿ. ವಿಲಿಯಮ್ಸ್ ಒಬ್ಬರು. ಅವರು ನಮ್ಮ ಕಥಾನಾಯಕನ ತಾಯಿಯ ತಂದೆ.

ಆ ಹೋರಾಟದ ಬಗೆಯನ್ನು ಸ್ವಲ್ಪ ವಿವರಿಸಬೇಕು. ಜಾರ್ಜಿಯಾದಲ್ಲಿ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಪ್ರಾಥಮಿಕ ಚುನಾವಣೆಯಲ್ಲಿ ಕಪ್ಪು ಜನರಿಗೆ ಮತ ಹಾಕಲು ಬಿಡುತ್ತಿರಲಿಲ್ಲ. ಅಲ್ಲಿ ಗೆದ್ದವನೇ ಕೊನೆಗೂ ಗೆಲ್ಲುತ್ತಿದ್ದುದರಿಂದ ಉಳಿದ ಮತಕ್ಕೆ ಬೆಲೆಯಿರಲಿಲ್ಲ. ಆದರೆ ನಗರಸಭೆಯು ಸಾಲವೆತ್ತಬೇಕಾದಾಗ ನಡೆಯುವ ಜನಮತಗಣನೆಯಲ್ಲಿ ಅವರು ಮತ ಹಾಕಬಹುದಿತ್ತು. ಈ ಕಿಂಡಿಯನ್ನು ವಿಲಿಯಮ್ಸ್ ಮತ್ತು ಅವರ ಸಂಗಡಿಗರು ಕಂಡುಕೊಂಡರು. ಮನೆಮನೆಗೆ ಹೋಗಿ ಮತದಾರರ ಪಟ್ಟಿಗೆ ಹೆಸರು ಸೇರಿಸಿದರು. 1919ರಲ್ಲಿ ಕಪ್ಪು ಮಕ್ಕಳ ಶಾಲೆಗೆ ಪಾಲು ಕೊಡದ ಸಾಲಯೋಜನೆಗಳನ್ನು ಸೋಲಿಸಿದರು. ಕೊನೆಗೆ ನಗರದ ಹಿರಿಯರು ಮಾತು ಕೊಡಬೇಕಾಯಿತು. 1921ರ ಸಾಲಯೋಜನೆ ಗೆದ್ದಿತು, ಮೂರು ವರ್ಷಗಳಲ್ಲಿ ಶಾಲೆ ಎದ್ದಿತು. ಅಟ್ಲಾಂಟಾ ನಗರದಲ್ಲಿ ಕಪ್ಪು ಜನರ ಮಕ್ಕಳಿಗಾಗಿ ಸರಕಾರಿ ಹಣದಿಂದ ಕಟ್ಟಿದ ಮೊದಲ ಪ್ರೌಢಶಾಲೆ ಇದೇ. ಸರಕಾರದ ಕದ ತಟ್ಟಿ, ಅರ್ಜಿ ಬರೆದು, ಕಾದು, ಮತ್ತೆ ತಟ್ಟಿ ಶಾಲೆ ಉಳಿಸಿಕೊಂಡು ಬಂದಿರುವ ಗಡಿನಾಡಿನ ನಮಗೆ ಈ ಮಾತುಗಳಿಗೆ ಟಿಪ್ಪಣಿ ಬೇಕಾಗದು.

ಮಾರ್ಟಿನ್ ಹುಟ್ಟಿದ್ದು 1929ರ ಜನವರಿ 15ರಂದು, ಅಟ್ಲಾಂಟಾದ ಪೂರ್ವಭಾಗದ ಆಬರ್ನ್ ಅವೆನ್ಯೂ ಎಂಬ ಬೀದಿಯ ಮನೆಯಲ್ಲಿ. ಮೊದಲು ಇಟ್ಟ ಹೆಸರು ಮೈಕಲ್. 1934ರಲ್ಲಿ ತಂದೆ ಜರ್ಮನಿಗೆ ಹೋಗಿ ಬಂದ ಮೇಲೆ ಅಪ್ಪ ಮಗ ಇಬ್ಬರ ಹೆಸರೂ ಮಾರ್ಟಿನ್ ಲೂಥರ್ ಎಂದಾಯಿತು. ಅಕ್ಕ ಕ್ರಿಸ್ಟೀನ್, ತಮ್ಮ ಆಲ್ಫ್ರೆಡ್ ಡೇನಿಯಲ್. ಅಜ್ಜ ವಿಲಿಯಮ್ಸ್ 1931ರಲ್ಲಿ ತೀರಿಕೊಂಡಾಗ ಎಬನೇಜರ್ ಚರ್ಚಿನ ಹೊಣೆ ತಂದೆಗೆ ಬಂದಿತು. ತಾಯಿ ಆಲ್ಬರ್ಟಾ ಅಲ್ಲಿಯ ಆರ್ಗನ್ ವಾದಕಿ. ಉಣ್ಣಲು ಉಡಲು ಕೊರತೆಯಿಲ್ಲದ ಮನೆತನ. ಆದರೂ ಆರನೆಯ ವಯಸ್ಸಿನಲ್ಲಿ, ಇಬ್ಬರೂ ಬೇರೆ ಬೇರೆ ಶಾಲೆಗಳಿಗೆ ಸೇರುತ್ತಲೇ, ಜೊತೆಯಲ್ಲಿ ಆಡುತ್ತಿದ್ದ ಬಿಳಿಯ ಗೆಳೆಯನ ಮನೆಯವರು ಇನ್ನು ಆಟ ಬೇಡವೆಂದರು. 1939ರ ಡಿಸೆಂಬರಿನಲ್ಲಿ ದಕ್ಷಿಣ ಅಮೆರಿಕನ್ ರಾಜ್ಯಗಳ ಹಳೆಯ ದಿನಗಳನ್ನು ಹೊಗಳುವ ಪ್ರಸಿದ್ಧ ಚಲನಚಿತ್ರವೊಂದು ಅಟ್ಲಾಂಟಾದಲ್ಲಿ ಮೊದಲಾಗಿ ತೆರೆ ಕಂಡಿತು. ಆ ಸಂಭ್ರಮದ ಅಂಗವಾಗಿ ಬಿಳಿಯರ ಔತಣಕೂಟದಲ್ಲಿ ಎಬನೇಜರ್ ಚರ್ಚಿನ ಗಾಯಕವೃಂದ ಹಾಡಿತು. ಗುಲಾಮರ ವೇಷ ತೊಟ್ಟು ಹಾಡಿದವರಲ್ಲಿ ಹತ್ತು ವರ್ಷದ ಮಾರ್ಟಿನ್ ಕೂಡ ಇದ್ದನು. 1941ರಲ್ಲಿ ಅಜ್ಜಿ ತೀರಿಕೊಂಡಾಗ ಅವನು ಮನೆಯಲ್ಲಿ ಹೇಳದೆ ಮೆರವಣಿಗೆ ನೋಡಲು ಹೋಗಿದ್ದನು. ತನ್ನ ತಪ್ಪಿನಿಂದಲೇ ಅಜ್ಜಿ ಹೋದಳೆಂದುಕೊಂಡು ಮಹಡಿಯ ಕಿಟಕಿಯಿಂದ ಹಾರಿದ ಆ ಹುಡುಗನಿಗೆ ಪುಣ್ಯಕ್ಕೆ ದೊಡ್ಡ ಪೆಟ್ಟಾಗಲಿಲ್ಲ.

ಅಟ್ಲಾಂಟಾ ವಿಶ್ವವಿದ್ಯಾಲಯವು ನಡೆಸುತ್ತಿದ್ದ ಪ್ರಾಯೋಗಿಕ ಶಾಲೆಯಲ್ಲಿ ಮಾರ್ಟಿನ್ ಎರಡು ವರ್ಷ ಓದಿದನು. 1942ರಲ್ಲಿ ಅದು ಮುಚ್ಚಿತು. ಆಗ ಅವನಿಗೆ ಹದಿಮೂರು ವರ್ಷ. ಒಂಬತ್ತನೆಯ ತರಗತಿಯನ್ನು ಹಾರಿಸಿ ವಾಷಿಂಗ್ಟನ್ ಪ್ರೌಢಶಾಲೆಯ ಹತ್ತನೆಯ ತರಗತಿಗೆ ಅವನನ್ನು ಸೇರಿಸಿಕೊಂಡರು. ಅಜ್ಜ ಹೋರಾಡಿ ಪಡೆದ ಶಾಲೆಗೆ ಮೊಮ್ಮಗ ಬಂದದ್ದು ಹೀಗೆ. ಶಾಲೆಯ ಮುಂಭಾಗದಲ್ಲಿ ಬುಕರ್ ವಾಷಿಂಗ್ಟನ್ನರು ಬಾಗಿ ಕುಳಿತ ಗುಲಾಮನ ಮೇಲಿನ ಮುಸುಕನ್ನು ಎತ್ತುತ್ತಿರುವ ಕಂಚಿನ ಪ್ರತಿಮೆಯಿತ್ತು. ಒಳಗೆ ಮಾತ್ರ ನೂಕುನುಗ್ಗಲು. ನಗರದ ಕಪ್ಪು ಮಕ್ಕಳಿಗೆಲ್ಲ ಆ ವರ್ಷಗಳಲ್ಲಿ ಸಾರ್ವಜನಿಕ ಪ್ರೌಢಶಾಲೆ ಅದೊಂದೇ ಆಗಿದ್ದುದರಿಂದ ಕೊಠಡಿಗಳಿಗಿಂತ ತರಗತಿಗಳು ಹೆಚ್ಚಾಗಿದ್ದವು. ಅಧ್ಯಾಪಕರಿಗೆ ಅದೇ ಕೆಲಸ ಮಾಡುವ ಬಿಳಿಯ ಅಧ್ಯಾಪಕರಿಗಿಂತ ಕಡಿಮೆ ಸಂಬಳ. ಸಮಾನ ವೇತನ ಬೇಕೆಂದು ಆ ವರ್ಷಗಳಲ್ಲಿಯೇ ಅಟ್ಲಾಂಟಾದ ಕಪ್ಪು ಅಧ್ಯಾಪಕರು ನ್ಯಾಯಾಲಯದ ಮೆಟ್ಟಿಲೇರಿದರು. ಆ ಚಳವಳಿಯ ಮುಂದಾಳುಗಳಲ್ಲಿ ಮಾರ್ಟಿನ್ನನ ತಂದೆ ಒಬ್ಬರು. ಕಡಿಮೆ ಸಂಬಳದ ಆ ಅಧ್ಯಾಪಕರು ಮಕ್ಕಳಿಗೆ ಚರಿತ್ರೆ, ಆಂಗ್ಲ ಸಾಹಿತ್ಯ, ದೇಶದ ಸಂವಿಧಾನ ಎಲ್ಲವನ್ನೂ ಕಲಿಸಿದರು.

ಯುದ್ಧವು ಶಾಲೆಗಳ ಒಳಗೂ ಬಂದಿತ್ತು. 1941ರ ಡಿಸೆಂಬರಿನಲ್ಲಿ ಜಪಾನು ಪರ್ಲ್ ಹಾರ್ಬರಿನ ಮೇಲೆ ದಾಳಿ ಮಾಡಿದ ಮೇಲೆ ಅಮೆರಿಕದ ಪ್ರೌಢಶಾಲೆಗಳ ದಿನಚರಿ ಬದಲಾಯಿತು. ಹತ್ತು ಸೆಂಟು, ಇಪ್ಪತ್ತೈದು ಸೆಂಟುಗಳ ಉಳಿತಾಯದ ಚೀಟಿಗಳನ್ನು ಮಕ್ಕಳು ಕೊಂಡು ಪುಸ್ತಕಕ್ಕೆ ಅಂಟಿಸುತ್ತಿದ್ದರು. ಅದು 18 ಡಾಲರು 75 ಸೆಂಟು ಆದಾಗ ಹತ್ತು ವರ್ಷಗಳಲ್ಲಿ 25 ಡಾಲರಾಗುವ ಯುದ್ಧಬಾಂಡು ದೊರೆಯುತ್ತಿತ್ತು. 1942ರ ಶರತ್ಕಾಲದಲ್ಲಿ ದೇಶದಾದ್ಯಂತ ಹಳೆಯ ಕಬ್ಬಿಣ ಕೂಡಿಸುವ ಅಭಿಯಾನ ನಡೆದಾಗ ಕೈಗಾಡಿ ಎಳೆದುಕೊಂಡು ಮನೆಮನೆಗೆ ಹೋದವರು ಶಾಲಾಮಕ್ಕಳು. ಸಕ್ಕರೆಯ ಪಡಿತರ ಪುಸ್ತಕಗಳನ್ನು ಜನರಿಗೆ ಬರೆದು ಕೊಟ್ಟವರು ಶಾಲಾ ಅಧ್ಯಾಪಕರು. ಕೈಗೆಲಸದ ತರಗತಿಗಳಲ್ಲಿ ಹುಡುಗರು ಶತ್ರುವಿಮಾನಗಳ ಸಣ್ಣ ಮಾದರಿಗಳನ್ನು ಕೆತ್ತಿ ನೌಕಾಪಡೆಗೆ ಕಳುಹಿಸಿದರು. ಆಕಾಶದಲ್ಲಿ ಕಂಡ ವಿಮಾನ ಯಾರದೆಂದು ಗುರುತಿಸುವ ತರಬೇತಿಗೆ ಅವು ಬೇಕಾಗಿದ್ದವು. ಅದೇ ಸೆಪ್ಟೆಂಬರಿನಲ್ಲಿ ಕೇಂದ್ರ ಶಿಕ್ಷಣ ಕಚೇರಿಯು ಪ್ರೌಢಶಾಲೆಗಳಿಗಾಗಿ ವಿಜಯದಳವೆಂಬ ಸಂಘಟನೆಯನ್ನು ಹುಟ್ಟುಹಾಕಿತು. ವಾಯುಸೇವೆ, ಭೂಸೇವೆ, ಜಲಸೇವೆ, ಉತ್ಪಾದನೆ, ಸಮಾಜಸೇವೆ ಎಂದು ಅದಕ್ಕೆ ಐದು ಶಾಖೆಗಳು. ಪೆಟ್ರೋಲು ಪಡಿತರಕ್ಕೆ ಒಳಪಟ್ಟಿದ್ದರಿಂದ ಬೇರೆ ಊರಿನ ಶಾಲೆಗಳೊಡನೆ ಆಟದ ಪಂದ್ಯಗಳು ಕಡಿಮೆಯಾದವು. 1942ರ ನವೆಂಬರಿನಲ್ಲಿ ಕಡ್ಡಾಯ ಸೈನ್ಯಸೇವೆಯ ವಯಸ್ಸು ಹದಿನೆಂಟಕ್ಕೆ ಇಳಿಯಿತು. ಮೇಲಿನ ತರಗತಿಯ ಹುಡುಗರು ಪರೀಕ್ಷೆಗಿಂತ ಮೊದಲು ಸೈನ್ಯದ ಕರೆಯನ್ನು ಎದುರುನೋಡುವಂತಾಯಿತು.

ಈ ಎಲ್ಲ ಉತ್ಸಾಹದ ಒಳಗೊಂದು ಕಲ್ಲು ಇತ್ತು. ಕಪ್ಪು ಶಾಲೆಗಳ ಮಕ್ಕಳೂ ಯುದ್ಧಕ್ಕೆ ಕಾಸು ಕೂಡಿಸಿದರು. ಅವರ ಅಣ್ಣಂದಿರು ಸೇರಿದ್ದು ಮಾತ್ರ ಬಣ್ಣದ ಮೇಲೆ ಬೇರ್ಪಡಿಸಿದ ಪಡೆಗಳಿಗೆ. ರೆಡ್ ಕ್ರಾಸ್ ಸಂಸ್ಥೆಯು ಕಪ್ಪು ಜನರ ರಕ್ತವನ್ನು ಬಿಳಿಯರ ರಕ್ತದಿಂದ ಬೇರೆಯಾಗಿ ಇಡುತ್ತಿತ್ತು. ಬಾಟಲಿಯೊಳಗಿನ ರಕ್ತಕ್ಕೆ ಯಾವ ಬಣ್ಣಭೇದವಿದೆಯೆಂದು ಯಾವ ವೈದ್ಯನೂ ತೋರಿಸಿರಲಿಲ್ಲ. ಅಟ್ಲಾಂಟಾದ ಹತ್ತಿರದ ಮ್ಯಾರಿಯೆಟಾದಲ್ಲಿ ಬಾಂಬರ್ ವಿಮಾನಗಳ ದೊಡ್ಡ ಕಾರ್ಖಾನೆ ಬಂದಾಗಲೂ ಕಪ್ಪು ಜನರಿಗೆ ಸಿಕ್ಕದ್ದು ಹೆಚ್ಚಾಗಿ ಕೆಳದರ್ಜೆಯ ಕೆಲಸ. 1942ರ ಫೆಬ್ರವರಿಯಲ್ಲಿ ಪಿಟ್ಸ್‌ಬರ್ಗ್ ಕೂರಿಯರ್ ಎಂಬ ಕಪ್ಪು ಜನರ ವಾರಪತ್ರಿಕೆಯು ಎರಡು ವಿಜಯಗಳ ಚಳವಳಿಯನ್ನು ಆರಂಭಿಸಿತು. ಹೊರಗಿನ ಶತ್ರುವಿನ ಮೇಲೆ ಒಂದು ವಿಜಯ, ಮನೆಯೊಳಗಿನ ಅನ್ಯಾಯದ ಮೇಲೆ ಇನ್ನೊಂದು ಎಂಬುದು ಅದರ ತಿರುಳು.

ಮಾರ್ಟಿನ್ನನ ಮನೆ ನಗರದ ಪೂರ್ವಕ್ಕೆ, ಶಾಲೆ ಪಶ್ಚಿಮಕ್ಕೆ. ಪ್ರತಿದಿನವೂ ಬಸ್ಸಿನಲ್ಲಿ ನಗರವನ್ನು ಅಡ್ಡಹಾಯಬೇಕಿತ್ತು. ಕಪ್ಪು ಪ್ರಯಾಣಿಕರಿಗೆ ಹಿಂದಿನ ಸಾಲುಗಳು. ಮುಂದಿನ ಆಸನಗಳು ಬರಿದಾಗಿದ್ದರೂ ಹಿಂದೆ ನಿಂತೇ ಹೋಗಬೇಕು. ದೇಹವನ್ನು ಹಿಂದಕ್ಕೆ ಕೊಂಡೊಯ್ದರೂ ಮನಸ್ಸನ್ನು ಮುಂದಿನ ಆಸನದ ಮೇಲೆಯೇ ಬಿಟ್ಟು ಹೋಗುತ್ತಿದ್ದುದಾಗಿಯೂ, ಒಂದು ದಿನ ದೇಹವನ್ನೂ ಅಲ್ಲಿಗೆ ತರುವೆನೆಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದುದಾಗಿಯೂ ಅವರು ಮುಂದೆ ನೆನೆದಿದ್ದಾರೆ.

ಅವನೇನೂ ಗಂಭೀರವಾದ ಮುಖ ಹೊತ್ತು ತಿರುಗುವ ಹುಡುಗನಾಗಿರಲಿಲ್ಲ. ಉಡುಪಿನ ಶೋಕಿ ಬಹಳ. ಟ್ವೀಡ್ ಬಟ್ಟೆಯ ಸೂಟುಗಳ ಮೇಲಿನ ಪ್ರೀತಿಯಿಂದ ಗೆಳೆಯರು ಅವನನ್ನು ಟ್ವೀಡ್ ಎಂದೇ ಕರೆಯುತ್ತಿದ್ದರು. ಅಟ್ಲಾಂಟಾ ಜರ್ನಲ್ ಪತ್ರಿಕೆಯನ್ನು ಮನೆಗಳಿಗೆ ಹಂಚುವ ಕೆಲಸ ಮಾಡಿ, ಹದಿಮೂರನೆಯ ವಯಸ್ಸಿನಲ್ಲಿಯೇ ಹಂಚಿಕೆಯ ಠಾಣೆಯೊಂದರ ಸಹಾಯಕ ವ್ಯವಸ್ಥಾಪಕನಾದನು. ಚರ್ಚಿನ ಭಾನುವಾರದ ಪಾಠದಲ್ಲಿ ಯೇಸುವಿನ ದೇಹಸಹಿತ ಪುನರುತ್ಥಾನವನ್ನು ಒಪ್ಪುವುದಿಲ್ಲವೆಂದು ಹೇಳಿ ಧರ್ಮಗುರುವಿನ ಮಗನೇ ಎಲ್ಲರನ್ನೂ ಬೆಚ್ಚಿಬೀಳಿಸಿದ್ದೂ ಅದೇ ವಯಸ್ಸಿನಲ್ಲಿ. ದೊಡ್ಡ ದೊಡ್ಡ ಪದಗಳನ್ನು ಬಳಸುವ ಹುಚ್ಚಿತ್ತು, ಅವುಗಳ ಕಾಗುಣಿತ ಮಾತ್ರ ಬರುತ್ತಿರಲಿಲ್ಲ. ಅದಕ್ಕೆ ಅಕ್ಕ ಕ್ರಿಸ್ಟೀನಳ ನೆರವು ಬೇಕು, ಅಕ್ಕನಿಗೆ ಲೆಕ್ಕದಲ್ಲಿ ಇವನ ನೆರವು. ಗಂಟಲು ಒಡೆದ ಮೇಲೆ ಬಂದ ತುಂಬುದನಿ ಶಾಲೆಯ ಚರ್ಚಾತಂಡಕ್ಕೆ ಒದಗಿತು.

1944ರ ವಸಂತದಲ್ಲಿ, ಹನ್ನೊಂದನೆಯ ತರಗತಿಯಲ್ಲಿದ್ದಾಗ, ಕಪ್ಪು ಜನರ ಎಲ್ಕ್ಸ್ ಸಂಘವು ಏರ್ಪಡಿಸಿದ್ದ ಭಾಷಣ ಸ್ಪರ್ಧೆಗೆ ಅವನು ಹೊರಟನು. ಸ್ಪರ್ಧೆ ನಡೆದದ್ದು ಜಾರ್ಜಿಯಾದ ಡಬ್ಲಿನ್ ಎಂಬ ಊರಿನ ಚರ್ಚಿನಲ್ಲಿ. ಜೊತೆಗೆ ಹೋದವರು ಅಧ್ಯಾಪಿಕೆ ಸಾರಾ ಗ್ರೇಸ್ ಬ್ರಾಡ್ಲಿ. ಕಪ್ಪು ಜನರೂ ಅಮೆರಿಕದ ಸಂವಿಧಾನವೂ ಎಂಬುದು ಭಾಷಣದ ವಿಷಯ. ಗುಲಾಮಗಿರಿಯನ್ನು ಕೊನೆಗಾಣಿಸಿದ ಹದಿಮೂರನೆಯ ತಿದ್ದುಪಡಿ, ಪೌರತ್ವವನ್ನು ಕೊಟ್ಟ ಹದಿನಾಲ್ಕನೆಯದು, ಮತದ ಹಕ್ಕನ್ನು ಕೊಟ್ಟ ಹದಿನೈದನೆಯದು, ಈ ಮೂರೂ ಕಾಗದದ ಮೇಲೆ ಉಳಿದಿವೆಯೆಂದು ಅವನು ವಾದಿಸಿದನು. ಗಾಯಕಿ ಮೇರಿಯನ್ ಆಂಡರ್ಸನ್ ಅವರ ಉದಾಹರಣೆಯನ್ನು ಕೊಟ್ಟನು. ಬಣ್ಣದ ಕಾರಣದಿಂದ ರಾಜಧಾನಿಯ ಸಭಾಂಗಣವೊಂದು ಅವರಿಗೆ ದೊರೆಯದೆಹೋದಾಗ 1939ರ ಏಪ್ರಿಲಿನಲ್ಲಿ ಲಿಂಕನ್ ಸ್ಮಾರಕದ ಮೆಟ್ಟಿಲುಗಳ ಮೇಲೆ ನಿಂತು 75,000 ಜನರ ಮುಂದೆ ಹಾಡಿದ ಹೆಂಗಸು ಅವರು. ಹೊರಗಿನ ದಾಳಿಯಿಂದ ಪ್ರಜಾಪ್ರಭುತ್ವವನ್ನು ಕಾಯಲು ಹೊರಟವರು ಮನೆಯೊಳಗೂ ನ್ಯಾಯವಾಗಿ ನಡೆಯಬೇಕೆಂಬುದು ಅವನ ಭಾಷಣದ ಮುಖ್ಯ ಮಾತುಗಳಲ್ಲಿ ಒಂದು. ಇದು ಬರಿಯ ಶಾಲಾಬಾಲಕನ ಆದರ್ಶವಾಗಿರಲಿಲ್ಲ. ಕಪ್ಪು ಜನರನ್ನು ಪ್ರಾಥಮಿಕ ಚುನಾವಣೆಯಿಂದ ಹೊರಗಿಡುವುದು ಸಂವಿಧಾನಕ್ಕೆ ವಿರುದ್ಧವೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಟೆಕ್ಸಾಸ್ ರಾಜ್ಯದ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟದ್ದು ಆ ಏಪ್ರಿಲ್ ತಿಂಗಳ 3ರಂದೇ.

ಗೆದ್ದ ಸಂತೋಷದಲ್ಲಿ ತಾನು ಮರಳುತ್ತಿದ್ದುದಾಗಿ ಅವರು ಮುಂದೆ ಹೇಳಿದ್ದಾರೆ. ರಾತ್ರಿಯ ಬಸ್ಸು. ದಾರಿಯಲ್ಲಿ ಬಿಳಿಯ ಪ್ರಯಾಣಿಕರು ಹತ್ತಿದರು. ಏಳಬೇಕೆಂದು ಚಾಲಕ ಗದರಿದನು. ಕೂಡಲೇ ಏಳದಿದ್ದಾಗ ಕೆಟ್ಟ ಮಾತುಗಳಿಂದ ಬೈದನು. ಏಳುವುದಿಲ್ಲವೆಂದು ಹುಡುಗ ನಿಶ್ಚಯಿಸಿದ್ದನು. ಕಾನೂನಿಗೆ ಬಾಗಲೇಬೇಕು, ಏಳು ಎಂದು ಅಧ್ಯಾಪಿಕೆ ಹೇಳಿದರು. ಎದ್ದನು. ಮುಂದಿನ ತೊಂಬತ್ತು ಮೈಲಿ, ಅಂದರೆ ಸುಮಾರು 145 ಕಿಲೋಮೀಟರು, ಅಟ್ಲಾಂಟಾ ಮುಟ್ಟುವವರೆಗೆ ಅವರಿಬ್ಬರೂ ಆಸನಗಳ ನಡುವೆ ನಿಂತೇ ಬಂದರು. ತನ್ನ ಜೀವನದಲ್ಲಿಯೇ ಅಷ್ಟು ಸಿಟ್ಟು ಬಂದ ಗಳಿಗೆ ಇನ್ನೊಂದಿಲ್ಲವೆಂದು ಇಪ್ಪತ್ತು ವರ್ಷಗಳ ಬಳಿಕವೂ ಅವರು ಹೇಳುತ್ತಿದ್ದರು.

ಈ ಪ್ರಸಂಗವನ್ನು ಹೇಳುವವರು ಹುಡುಗನ ಸಿಟ್ಟನ್ನು ಹೇಳಿ ಮುಂದಕ್ಕೆ ಹೋಗುತ್ತಾರೆ. ಅಧ್ಯಾಪನವನ್ನು ವೃತ್ತಿಯಾಗಿ ಬಲ್ಲ ನಮಗೆ ಆ ಅಧ್ಯಾಪಿಕೆಯ ಬಳಿಯೂ ಸ್ವಲ್ಪ ನಿಲ್ಲಬೇಕೆನಿಸುತ್ತದೆ. ಸಂವಿಧಾನದ ಮೇಲೆ ಮಾತಾಡಲು ಹುಡುಗನನ್ನು ಕರೆದುಕೊಂಡು ಹೋದವರೇ ಏಳು ಎಂದೂ ಹೇಳಬೇಕಾಯಿತು. ಅವರನ್ನು ಹೇಡಿಯೆನ್ನುವುದು ಸುಲಭ, ಆದರೆ ಸರಿಯಲ್ಲ. ಊರಿನಿಂದ ದೂರ, ಕತ್ತಲೆಯ ಹೆದ್ದಾರಿಯಲ್ಲಿ, ಮತ್ತೊಬ್ಬರು ನಂಬಿ ಒಪ್ಪಿಸಿದ ಮಗ ಜೊತೆಯಲ್ಲಿದ್ದಾನೆ. ಅದೇ ವರ್ಷದ ಜುಲೈ ತಿಂಗಳಲ್ಲಿ ಉತ್ತರ ಕೆರೊಲೈನಾದ ಡರ್ಹಮ್ ನಗರದಲ್ಲಿ ಆಸನದ ವಾಗ್ವಾದ ಬೆಳೆದು, ಸೈನ್ಯದ ಸಮವಸ್ತ್ರದಲ್ಲಿದ್ದ ಕಪ್ಪು ಯೋಧನೊಬ್ಬನನ್ನು ಬಸ್ಸಿನ ಚಾಲಕನೇ ಗುಂಡಿಕ್ಕಿ ಕೊಂದನು. ನ್ಯಾಯಾಲಯ ಆ ಚಾಲಕನನ್ನು ಬಿಡುಗಡೆ ಮಾಡಿತು. ಅದೇ ಏಪ್ರಿಲಿನ ಕೊನೆಯಲ್ಲಿ ಸೈನಿಕರ ವಾರಪತ್ರಿಕೆಯಾದ ಯಾಂಕ್, ಒಬ್ಬ ಕಪ್ಪು ಯೋಧನ ಪತ್ರವನ್ನು ಅಚ್ಚುಮಾಡಿತು. ತನಗೂ ತನ್ನ ಸಂಗಡಿಗರಿಗೂ ಅಡಿಗೆಮನೆಯಲ್ಲಿ ಊಟಮಾಡೆಂದ ರೈಲ್ವೆ ನಿಲ್ದಾಣದ ಭೋಜನಶಾಲೆಯಲ್ಲಿ ಜರ್ಮನ್ ಯುದ್ಧಕೈದಿಗಳು ಮೇಜಿನ ಮುಂದೆ ಕುಳಿತು ಉಣ್ಣುತ್ತಿದ್ದುದನ್ನು ಅವನು ಬರೆದಿದ್ದನು. ಅಧ್ಯಾಪಿಕೆಗೆ ತಿಳಿದಿದ್ದ ದೇಶ ಅದು. ಅವರು ಹುಡುಗನನ್ನು ಜೀವಸಹಿತ ಮನೆಗೆ ಮುಟ್ಟಿಸಿದರು, ಅವನ ಜೊತೆಗೆ ತಾವೂ ನಿಂತರು.

ಆ ಭಾಷಣ 1944ರ ಮೇ ತಿಂಗಳಲ್ಲಿ ಶಾಲೆಯ ವಾರ್ಷಿಕ ಸಂಚಿಕೆಯಾದ ಕಾರ್ನೆಲಿಯನ್‌ನಲ್ಲಿ ಅಚ್ಚಾಯಿತು. ಇಂದು ಕಿಂಗ್ ಅವರ ಬರಹಗಳ ಸಮಗ್ರ ಸಂಪುಟಗಳಲ್ಲಿ ಅದು ನಮಗೆ ಓದಲು ಸಿಗುತ್ತಿರುವುದು ಒಂದು ಶಾಲೆ ತನ್ನ ಮಕ್ಕಳ ಬರಹವನ್ನು ಅಚ್ಚುಹಾಕುವ ಅಭ್ಯಾಸವಿಟ್ಟುಕೊಂಡಿದ್ದರಿಂದ. ಹಳೆಯ ವಾರ್ಷಿಕ ಸಂಚಿಕೆಗಳನ್ನು ತೂಕಕ್ಕೆ ಹಾಕುವವರು ಇದನ್ನು ಗಮನಿಸಲಿ.

ಹುಡುಗರು ಸೈನ್ಯಕ್ಕೆ ಹೋಗುತ್ತಿದ್ದುದರಿಂದ ಕಾಲೇಜುಗಳು ಬರಿದಾಗುತ್ತಿದ್ದವು. ಅಟ್ಲಾಂಟಾದ ಮೋರ್‌ಹೌಸ್ ಕಾಲೇಜಿನ ಅಧ್ಯಕ್ಷರಾದ ಬೆಂಜಮಿನ್ ಮೇಸ್, ಪ್ರೌಢಶಾಲೆಯ ಹನ್ನೊಂದನೆಯ ತರಗತಿ ಮುಗಿಸಿದ ಮಕ್ಕಳಿಗೂ ಪ್ರವೇಶಪರೀಕ್ಷೆಯ ಮೂಲಕ ಬಾಗಿಲು ತೆರೆದರು. ಮಾರ್ಟಿನ್ ಪರೀಕ್ಷೆ ಕಟ್ಟಿ ತೇರ್ಗಡೆಯಾದನು. ಹನ್ನೆರಡನೆಯ ತರಗತಿಯನ್ನು ಓದದೆ, ಪ್ರೌಢಶಾಲೆಯ ಪದವಿಪತ್ರವಿಲ್ಲದೆ, ಹದಿನೈದನೆಯ ವಯಸ್ಸಿನಲ್ಲಿ ಕಾಲೇಜಿಗೆ ಸೇರಿದನು. ಅವನ ಓದಿನ ಮಟ್ಟ ಎಂಟನೆಯ ತರಗತಿಯದೆಂದು ಅಲ್ಲಿ ತಿಳಿದುಬಂದಿತು. ಅಷ್ಟು ಚೆನ್ನಾಗಿ ಮಾತಾಡುವ ಹುಡುಗನ ವಿಷಯದಲ್ಲಿ ಇದನ್ನು ಕೇಳಿ ನಾವು ಬೆರಗಾಗಬೇಕಿಲ್ಲ. ಕಿಕ್ಕಿರಿದ ತರಗತಿ, ಎರಡು ಸಲ ಹಾರಿಸಿದ ವರ್ಷ, ಬೇರ್ಪಡಿಸಿ ಬಡವಾಗಿಸಿದ ಶಾಲೆಗಳ ಪಾಡು ಎಲ್ಲ ಅದರಲ್ಲಿ ಸೇರಿದ್ದವು.

ಕಾಲೇಜು ಸೇರುವ ಮುಂಚಿನ ಬೇಸಗೆಯಲ್ಲಿ ಉತ್ತರದ ಕನೆಕ್ಟಿಕಟ್ ರಾಜ್ಯದ ಸಿಮ್ಸ್‌ಬರಿಯಲ್ಲಿ ಹೊಗೆಸೊಪ್ಪಿನ ಹೊಲಗಳಲ್ಲಿ ಅವನು ಕೂಲಿ ಮಾಡಿದನು. ಯುದ್ಧದಿಂದಾಗಿ ಅಲ್ಲಿ ಆಳುಗಳ ಕೊರತೆ. ಮೋರ್‌ಹೌಸ್ ಹುಡುಗರು ಶುಲ್ಕಕ್ಕೆ ಹಣ ಕೂಡಿಸಲು ಹೋಗುತ್ತಿದ್ದರು. ಹಾರ್ಟ್‌ಫರ್ಡ್ ನಗರದಲ್ಲಿ ಇಷ್ಟಬಂದ ಹೋಟೆಲಿನಲ್ಲಿ ಊಟ ಮಾಡಬಹುದು, ಬಿಳಿಯರ ಚರ್ಚಿನಲ್ಲಿ ಕೂರಬಹುದು ಎಂಬ ಬೆರಗನ್ನು ಅವನು ಮನೆಗೆ ಪತ್ರಗಳಲ್ಲಿ ಬರೆದನು. ಮರಳುವಾಗ ವಾಷಿಂಗ್ಟನ್‌ವರೆಗೆ ಎಲ್ಲರ ಜೊತೆ ಕುಳಿತು ಬಂದವನು ಅಲ್ಲಿಂದ ಮುಂದಕ್ಕೆ ಕಪ್ಪು ಜನರ ಡಬ್ಬಿಗೆ ಹೋಗಬೇಕಾಯಿತು. ಊಟದ ಡಬ್ಬಿಯಲ್ಲಿ ಅವನನ್ನು ಪರದೆಯ ಹಿಂದೆ ಕೂರಿಸಿದರು. ಬಸ್ಸಿನಲ್ಲಿ ನಿಂತದ್ದಕ್ಕಿಂತ ಈ ಪರದೆಯೇ ಹೆಚ್ಚು ನೋಯಿಸಿತೇನೋ. ಬೇರೊಂದು ಬಗೆಯ ಬದುಕು ಅದೇ ದೇಶದಲ್ಲಿ ಸಾಧ್ಯವೆಂಬುದನ್ನು ಅವನು ಈಗ ಕಣ್ಣಾರೆ ಕಂಡಿದ್ದನು.

ಬೆಂಜಮಿನ್ ಮೇಸ್ ಅವರ ವಿಷಯದಲ್ಲಿ ಕನ್ನಡಿಗರು ತಿಳಿಯಬೇಕಾದ ಒಂದು ಸಂಗತಿಯಿದೆ. 1937ರ ಜನವರಿಯಲ್ಲಿ ವೈ.ಎಂ.ಸಿ.ಎ. ಸಂಸ್ಥೆಯ ವಿಶ್ವಸಮ್ಮೇಳನ ನಡೆದದ್ದು ಮೈಸೂರಿನಲ್ಲಿ. ಅದಕ್ಕೆ ಪ್ರತಿನಿಧಿಯಾಗಿ ಅವರು ಬಂದಿದ್ದರು. ಬರುವ ದಾರಿಯಲ್ಲಿ ವಾರ್ಧಾದಲ್ಲಿ ಗಾಂಧೀಜಿಯವರನ್ನು ಕಂಡು ಅಹಿಂಸೆಯ ಬಗೆಗೆ ದೀರ್ಘವಾಗಿ ಮಾತಾಡಿದರು. ಮೈಸೂರಿನ ಕಡೆಯಲ್ಲಿ ಅಸ್ಪೃಶ್ಯರೆನಿಸಿದ್ದವರ ಶಾಲೆಯೊಂದಕ್ಕೆ ಅವರನ್ನು ಕರೆದರು. ಅಲ್ಲಿಯ ಮುಖ್ಯೋಪಾಧ್ಯಾಯರು ಮಕ್ಕಳಿಗೆ ಅವರನ್ನು ದೊಡ್ಡ ಹೆಸರು ಪಡೆದ ಅಸ್ಪೃಶ್ಯರೊಬ್ಬರೆಂದು ಪರಿಚಯಿಸಿದರು. ಮೇಸ್ ಮೊದಲು ಗಾಬರಿಯಾದರು. ಬಳಿಕ ತಮ್ಮ ದೇಶದಲ್ಲಿ ತಮ್ಮ ಸ್ಥಾನವೇನೆಂದು ಯೋಚಿಸಿ ಆ ಮಾತು ನಿಜವೇ ಎಂದು ಒಪ್ಪಿಕೊಂಡರು. ಆ ಮೇಸ್, ಮೋರ್‌ಹೌಸಿನ ಪ್ರಾರ್ಥನಾಮಂದಿರದಲ್ಲಿ ಮಂಗಳವಾರಗಳಂದು ಆಡುತ್ತಿದ್ದ ಮಾತುಗಳನ್ನು ಹುಡುಗ ತಪ್ಪದೆ ಕೇಳಿದನು. ಧರ್ಮಗುರುವಾಗಬೇಕೆಂಬ ನಿರ್ಧಾರವೂ ಆ ಕಾಲೇಜಿನಲ್ಲಿಯೇ ಬಲಿಯಿತು.

ಮುಂದಿನದನ್ನು ಬೇಗನೆ ಹೇಳಿ ಮುಗಿಸುತ್ತೇವೆ. 1948ರಲ್ಲಿ ಪದವಿ, ಪೆನ್ಸಿಲ್ವೇನಿಯಾದ ಕ್ರೋಜರ್‌ನಲ್ಲಿ ಧರ್ಮಶಾಸ್ತ್ರದ ಅಧ್ಯಯನ, 1955ರಲ್ಲಿ ಬಾಸ್ಟನ್ ವಿಶ್ವವಿದ್ಯಾಲಯದ ಡಾಕ್ಟರೇಟ್. ಅದಕ್ಕೆ ಮೊದಲೇ ಅವರು ಅಲಬಾಮಾದ ಮಾಂಟ್‌ಗೊಮರಿಯಲ್ಲಿ ಧರ್ಮಗುರುವಾಗಿದ್ದರು. ಆ ಊರಿನಲ್ಲಿಯೂ ಒಂದು ಬುಕರ್ ಟಿ. ವಾಷಿಂಗ್ಟನ್ ಪ್ರೌಢಶಾಲೆಯಿತ್ತು. 1955ರ ಮಾರ್ಚ್ 2ರಂದು ಅಲ್ಲಿಯ ವಿದ್ಯಾರ್ಥಿನಿ, ಹದಿನೈದು ವರ್ಷದ ಕ್ಲಾಡೆಟ್ ಕಾಲ್ವಿನ್, ಶಾಲೆ ಬಿಟ್ಟು ಬಸ್ಸಿನಲ್ಲಿ ಬರುತ್ತಿದ್ದಾಗ ಬಿಳಿಯರಿಗೆ ಆಸನ ಬಿಡಲು ಒಪ್ಪಲಿಲ್ಲ. ಪೊಲೀಸರು ಅವಳನ್ನು ಎಳೆದೊಯ್ದರು. ಈ ಬಗ್ಗೆ ಅಧಿಕಾರಿಗಳೊಡನೆ ಮಾತಾಡಲು ಹೋದ ಸಮಿತಿಯಲ್ಲಿ ಯುವಕ ಕಿಂಗ್ ಇದ್ದರು. ಡಬ್ಲಿನ್‌ನಿಂದ ನಿಂತು ಬಂದಾಗ ಅವರಿಗೂ ಅಷ್ಟೇ ವಯಸ್ಸು. ಸಮಿತಿಯ ಮಾತಿನಿಂದ ಏನೂ ಆಗಲಿಲ್ಲ. ಡಿಸೆಂಬರ್ 1ರಂದು ರೋಸಾ ಪಾರ್ಕ್ಸ್ ಅವರ ಬಂಧನವಾದ ಮೇಲೆ ಊರಿನ ಕಪ್ಪು ಜನರೆಲ್ಲ ಬಸ್ಸು ಹತ್ತುವುದನ್ನೇ ಬಿಟ್ಟರು. ಇಪ್ಪತ್ತಾರು ವರ್ಷದ ಕಿಂಗ್ ಅವರ ನಾಯಕತ್ವದಲ್ಲಿ ಬಹಿಷ್ಕಾರ 381 ದಿನ ನಡೆಯಿತು. ಬಸ್ಸುಗಳಲ್ಲಿ ಬೇರ್ಪಡಿಸುವ ಕಾನೂನನ್ನು ಬಿದ್ದುಹೋಗುವಂತೆ ಮಾಡಿದ ಮೊಕದ್ದಮೆಯಲ್ಲಿ ವಾದಿಗಳಾಗಿ ನಿಂತ ಹೆಂಗಸರಲ್ಲಿ ಆ ಶಾಲಾಹುಡುಗಿಯೂ ಒಬ್ಬಳು.

1959ರ ಫೆಬ್ರವರಿಯಲ್ಲಿ ಕಿಂಗ್ ದಂಪತಿಗಳು ಭಾರತಕ್ಕೆ ಬಂದರು. ಆ ಪ್ರವಾಸದಲ್ಲಿ ಅವರು ಕೇರಳದ ತಿರುವನಂತಪುರಕ್ಕೂ ಹೋದರು. ನಮ್ಮ ಕಾಸರಗೋಡು ಕೇರಳಕ್ಕೆ ಸೇರಿ ಆಗ ಮೂರು ವರ್ಷ ತುಂಬಿರಲಿಲ್ಲ. ಅಲ್ಲಿ ಅವರು ದಲಿತ ಕುಟುಂಬಗಳ ಮಕ್ಕಳು ಓದುತ್ತಿದ್ದ ಪ್ರೌಢಶಾಲೆಯೊಂದಕ್ಕೆ ಭೇಟಿಯಿತ್ತರು. ಮುಖ್ಯೋಪಾಧ್ಯಾಯರು ಅವರನ್ನು ಅಮೆರಿಕದಿಂದ ಬಂದ ತಮ್ಮಂಥದೇ ಅಸ್ಪೃಶ್ಯರೆಂದು ಮಕ್ಕಳಿಗೆ ಪರಿಚಯಿಸಿದರು. ಒಂದು ಕ್ಷಣ ಅವರಿಗೆ ಬೇಸರವಾಯಿತು. ಆಮೇಲೆ ತಮ್ಮ ದೇಶದ ಎರಡು ಕೋಟಿ ಕಪ್ಪು ಜನರ ಮನೆ, ಶಾಲೆ, ಊಟಗಳ ಸ್ಥಿತಿಯನ್ನು ನೆನೆದು, ಹೌದು, ನಾನು ಅಸ್ಪೃಶ್ಯನೇ ಎಂದುಕೊಂಡರು. 1965ರಲ್ಲಿ ಎಬನೇಜರ್ ಚರ್ಚಿನ ವೇದಿಕೆಯಿಂದ ಅವರೇ ಇದನ್ನು ಹೇಳಿದರು. ಗುರುವಿಗೆ ಮೈಸೂರಿನಲ್ಲಿ ಆದದ್ದೇ ಶಿಷ್ಯನಿಗೆ ಕೇರಳದಲ್ಲಿ ಆಯಿತು. ಎರಡು ಸಲವೂ ಅದನ್ನು ಹೇಳಿದವರು ಶಾಲೆಯ ಮುಖ್ಯೋಪಾಧ್ಯಾಯರು.

1963ರ ಮೇ ತಿಂಗಳಲ್ಲಿ ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿ ಸಾವಿರಾರು ಶಾಲಾಮಕ್ಕಳು ತರಗತಿ ಬಿಟ್ಟು ಮೆರವಣಿಗೆ ಹೊರಟರು. ಪೊಲೀಸರು ಅವರ ಮೇಲೆ ನಾಯಿಗಳನ್ನು ಬಿಟ್ಟರು, ಅಗ್ನಿಶಾಮಕದ ಕೊಳವೆಗಳಿಂದ ನೀರು ಹೊಡೆದರು. ಮಕ್ಕಳನ್ನು ಬೀದಿಗಿಳಿಸಿದ್ದು ಸರಿಯೇ ಎಂದು ಕಿಂಗ್ ಅವರನ್ನು ಕೇಳಿದವರು ಬಹಳ. ಅವರೂ ಮೊದಲು ಹಿಂಜರಿದಿದ್ದರು. ಈ ಪ್ರಶ್ನೆಗೆ ನಮ್ಮಲ್ಲಿಯೂ ಒಮ್ಮತವಿಲ್ಲ. ಆ ಆಗಸ್ಟಿನಲ್ಲಿ ಲಿಂಕನ್ ಸ್ಮಾರಕದ ಮುಂದೆ, ಮೇರಿಯನ್ ಆಂಡರ್ಸನ್ ಹಾಡಿದ್ದ ಅದೇ ಸ್ಥಳದಲ್ಲಿ, ಎರಡೂವರೆ ಲಕ್ಷ ಜನರನ್ನು ಕುರಿತು ಅವರು ಮಾತಾಡಿದರು. ಹದಿನೈದರ ಹುಡುಗ ಡಬ್ಲಿನ್‌ನಲ್ಲಿ ಎತ್ತಿದ್ದ ಮಾತು ಅಲ್ಲಿಯೂ ಇತ್ತು: ಸಂವಿಧಾನ ಬರೆದುಕೊಟ್ಟ ಭರವಸೆ ಇನ್ನೂ ಸಲ್ಲಿಕೆಯಾಗಿಲ್ಲವೆಂಬುದು. 1964ರಲ್ಲಿ ನೊಬೆಲ್ ಶಾಂತಿ ಪಾರಿತೋಷಕ ಬಂದಿತು. ಅದೇ ವರ್ಷ ನಾಗರಿಕ ಹಕ್ಕುಗಳ ಕಾನೂನೂ ಮರುವರ್ಷ ಮತದಾನದ ಹಕ್ಕಿನ ಕಾನೂನೂ ಜಾರಿಗೆ ಬಂದವು.

1968ರ ಏಪ್ರಿಲ್ 4ರಂದು ಟೆನೆಸಿಯ ಮೆಂಫಿಸ್ ನಗರದಲ್ಲಿ ಅವರನ್ನು ಗುಂಡಿಕ್ಕಿ ಕೊಂದರು. ಮುಷ್ಕರ ಹೂಡಿದ್ದ ಪೌರಕಾರ್ಮಿಕರ ಪರವಾಗಿ ಅವರು ಅಲ್ಲಿಗೆ ಹೋಗಿದ್ದರು. ಆಗ ಅವರಿಗೆ ಮೂವತ್ತೊಂಬತ್ತು ವರ್ಷ. ಏಪ್ರಿಲ್ 9ರಂದು ಎಬನೇಜರ್ ಚರ್ಚಿನಲ್ಲಿ ಪ್ರಾರ್ಥನೆ ನಡೆಯಿತು. ಅಲ್ಲಿಂದ ಶವಪೆಟ್ಟಿಗೆಯನ್ನು ಎರಡು ಹೇಸರಗತ್ತೆಗಳು ಎಳೆಯುವ ಹಳೆಯ ಗಾಡಿಯಲ್ಲಿಟ್ಟು, ಅಟ್ಲಾಂಟಾದ ಬೀದಿಗಳಲ್ಲಿ ಮೋರ್‌ಹೌಸ್ ಕಾಲೇಜಿಗೆ ಕೊಂಡೊಯ್ದರು. ಹಿಂದೆ ಜನಸಾಗರ ನಡೆಯಿತು. ಇಬ್ಬರಲ್ಲಿ ಉಳಿದವರು ಹೋದವರ ಕುರಿತು ಮಾತಾಡಬೇಕೆಂದು ಮೇಸ್ ಅವರೂ ಕಿಂಗ್ ಅವರೂ ಮೊದಲೇ ಒಪ್ಪಿಕೊಂಡಿದ್ದರು. ಎಪ್ಪತ್ತು ದಾಟಿದ್ದ ಗುರು ಶಿಷ್ಯನ ಚರಮಭಾಷಣ ಮಾಡಿದರು. ಆ ಮೆರವಣಿಗೆ ಹಾದುಹೋದದ್ದು ನಗರದ ಪೂರ್ವದಿಂದ ಪಶ್ಚಿಮಕ್ಕೆ, ಯುದ್ಧದ ದಿನಗಳಲ್ಲಿ ಹುಡುಗನೊಬ್ಬ ಬಸ್ಸಿನ ಹಿಂದಿನ ಸಾಲಿನಲ್ಲಿ ಕುಳಿತು ಶಾಲೆಗೆ ಹೋಗುತ್ತಿದ್ದ ದಿಕ್ಕಿನಲ್ಲಿ.